ಉಬ್ಬಿದ ಕಾಂಕ್ರೀಟಿಗೆ ವಯಸ್ಸಾದರೆ, ಅದಕ್ಕೆ ಬೆಂಕಿ ಬಿದ್ದರೆ

2023ರ ಆಗಸ್ಟ್ 31. ಇಂಗ್ಲೆಂಡಿನಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗೋಕೆ ಇನ್ನು ಕೆಲವೇ ದಿನ. ಅವತ್ತು ಅಲ್ಲಿನ ಶಿಕ್ಷಣ ಇಲಾಖೆ 104 ಶಾಲೆ-ಕಾಲೇಜುಗಳಿಗೆ ಒಂದು ಸೂಚನೆ ಕಳಿಸಿತು. ನಿಮ್ಮ ಕಟ್ಟಡದ ಇಂಥಿಂಥ ಭಾಗದಲ್ಲಿ ಮಕ್ಕಳನ್ನು ಕೂರಿಸಬೇಡಿ, ಆ ಭಾಗ ಮುಚ್ಚಿ ಅಂತ. ಅದಕ್ಕೂ ಮೊದಲೇ ಇನ್ನೂ 52 ಕಡೆ ಆಸರೆ ಕೊಟ್ಟೋ, ಕೋಣೆ ಖಾಲಿ ಮಾಡಿಸಿಯೋ ಆಗಿತ್ತು. ಮುಂದಿನ ಫೆಬ್ರವರಿ ಹೊತ್ತಿಗೆ ಪಟ್ಟಿ 234ಕ್ಕೆ ಮುಟ್ಟಿತು. ಭೂಕಂಪ ಇಲ್ಲ, ಪ್ರವಾಹ ಇಲ್ಲ. ಕಾರಣ ಇಷ್ಟೆ: ಈ ಕಟ್ಟಡಗಳ ತಾರಸಿಯಲ್ಲಿ ಐವತ್ತು-ಅರವತ್ತು ವರ್ಷದ ಹಿಂದೆ ಒಂದು ಬಗೆಯ ಹಗುರ ಕಾಂಕ್ರೀಟಿನ ಹಲಗೆ ಕೂರಿಸಿದ್ದರು.

ಆ ಹಲಗೆಯ ಪೂರ್ತಿ ಹೆಸರು ರೀಇನ್‌ಫೋರ್ಸ್ಡ್ ಆಟೋಕ್ಲೇವ್ಡ್ ಏರೇಟೆಡ್ ಕಾಂಕ್ರೀಟ್. ಉದ್ದ ಆಯ್ತು ಅಂತ ಎಲ್ಲರೂ 'ರ್ಯಾಕ್' ಅಂತಾರೆ, ನಾವೂ ಹಾಗೇ ಅನ್ನೋಣ. ಇದರಲ್ಲಿ ಕಬ್ಬಿಣ ತೆಗೆದುಬಿಟ್ಟರೆ ಉಳಿಯೋದು ನಮಗೆಲ್ಲ ಗೊತ್ತಿರುವ ಎಎಸಿ. ಬೆಂಗಳೂರಿನಲ್ಲಿ ಎದ್ದು ನಿಲ್ಲುತ್ತಿರುವ ಯಾವುದೇ ಅಪಾರ್ಟ್‌ಮೆಂಟಿನ ಮುಂದೆ ಪೇರಿಸಿಟ್ಟಿರುತ್ತಾರಲ್ಲ ಬಿಳಿ-ಬೂದು ಬ್ಲಾಕು, ಅದೇ.

ಈ ಸುದ್ದಿಯನ್ನು ನಮ್ಮ ಸಂಘದ ಗುಂಪಿನಲ್ಲಿ ಹಾಕಿದಾಗ ಜೂನಿಯರ್ ಒಬ್ಬಳು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. "ಎಎಸಿ ಬೆಂಕಿಗೆ ಜಗ್ಗಲ್ಲ ಅಂತ ಕ್ಲಾಸಲ್ಲಿ ಹೇಳಿದ್ರು. ಹಾಗಿದ್ರೆ ಹಳೇ ರ್ಯಾಕ್ ಕಟ್ಟಡದ ಬಗ್ಗೆ ಫೈರ್ ಸೇಫ್ಟಿಯವರು ಯಾಕೆ ತಲೆ ಕೆಡಿಸ್ಕೊಂಡಿದಾರೆ?" ಕ್ಲಾಸಲ್ಲಿ ಹೇಳಿದ್ದು ಸರಿ. ಫೈರ್ ಸೇಫ್ಟಿಯವರ ಚಿಂತೆಯೂ ಸರಿ. ಎರಡೂ ಹೇಗೆ ಸರಿಯಾಗ್ತವೆ ಅನ್ನೋದನ್ನ ಬಿಡಿಸಿ ನೋಡುವ ಪ್ರಯತ್ನ ಇದು.

ಇಡ್ಲಿ ಮಾಡಿದ ಹಾಗೆಯೇ

ಇಂಗ್ಲಿಷರು ರ್ಯಾಕನ್ನು ಗಾಳಿಗುಳ್ಳೆ ತುಂಬಿದ ಒಂದು ಚಾಕಲೇಟಿಗೆ ಹೋಲಿಸುತ್ತಾರೆ. ನಮಗೆ ಅದಕ್ಕಿಂತ ಒಳ್ಳೆ ಹೋಲಿಕೆ ಅಡುಗೆಮನೆಯಲ್ಲೇ ಇದೆ. ಸಿಮೆಂಟು, ಸುಣ್ಣ, ನುಣ್ಣಗೆ ಅರೆದ ಮರಳು ಅಥವಾ ಹಾರುಬೂದಿ, ನೀರು ಸೇರಿಸಿ ಹಿಟ್ಟು ಕಲಸುತ್ತಾರೆ. ಜಲ್ಲಿ ಹಾಕೋದೇ ಇಲ್ಲ. ಚಿಟಿಕೆಯಷ್ಟು ಅಲ್ಯೂಮಿನಿಯಂ ಪುಡಿ ಬೆರೆಸಿದರೆ ಅದು ಸುಣ್ಣದ ಜೊತೆ ಸೇರಿ ಹೈಡ್ರೋಜನ್ ಬಿಡುತ್ತೆ, ಹಿಟ್ಟು ಅಚ್ಚಿನಲ್ಲಿ ಉಬ್ಬುತ್ತೆ. ಸ್ವಲ್ಪ ಗಟ್ಟಿಯಾದ ಮೇಲೆ ತಂತಿಯಲ್ಲಿ ಕುಯ್ದು ಆಟೋಕ್ಲೇವ್ ಅನ್ನೋ ದೊಡ್ಡ ಕುಕ್ಕರಿನೊಳಗೆ ತಳ್ಳುತ್ತಾರೆ. ಅಲ್ಲಿ ಸುಮಾರು 180-190 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹತ್ತು ಬಾರ್ ಆಸುಪಾಸಿನ ಒತ್ತಡದಲ್ಲಿ, ಗಂಟೆಗಟ್ಟಲೆ ಹಬೆಯಲ್ಲಿ ಬೇಯುತ್ತೆ. ಉಬ್ಬಿಸಿ, ಹಬೆಯಲ್ಲಿ ಬೇಯಿಸಿ ಇಳಿಸೋದು, ಇಡ್ಲಿಯೇ.

(ಹೈಡ್ರೋಜನ್ ಅಂದ ಕೂಡಲೇ "ಹಾಗಾದ್ರೆ ಅದೇ ಹೊತ್ತಿಕೊಳ್ಳುತ್ತಾ?" ಅಂತ ಕೇಳುವವರು ಪ್ರತಿ ಬ್ಯಾಚಿನಲ್ಲೂ ಇರ್ತಾರೆ. ಇಲ್ಲ. ತಯಾರಾಗುವಾಗಲೇ ಹೈಡ್ರೋಜನ್ ಹೊರಟುಹೋಗಿ ಆ ಜಾಗಕ್ಕೆ ಗಾಳಿ ಬಂದು ಕೂತಿರುತ್ತೆ.)

ಇದನ್ನು ಕಂಡುಹಿಡಿದದ್ದು ಸ್ವೀಡನ್ನಿನ ವಾಸ್ತುಶಿಲ್ಪಿ ಯೋಹಾನ್ ಆಕ್ಸೆಲ್ ಎರಿಕ್ಸನ್, 1920ರ ದಶಕದಲ್ಲಿ. ಮರದ ಹಾಗೆ ಹಗುರ, ಮರದ ಹಾಗೆ ಬೆಚ್ಚಗೆ, ಆದರೆ ಮರದ ಹಾಗೆ ಉರಿಯದ ವಸ್ತು ಬೇಕು ಅನ್ನೋದು ಅಲ್ಲಿನ ಅಗತ್ಯವಾಗಿತ್ತು. ಅಂದರೆ ಬೆಂಕಿಗೆ ಹೆದರದಿರುವುದು ಇದರ ಜಾತಕದಲ್ಲೇ ಇದೆ. ಮುಂದೆ ಸಿಪೋರೆಕ್ಸ್‌ನಂಥ ಕಂಪನಿಗಳು ಇದರೊಳಗೆ ಕಂಬಿ ಇಟ್ಟು ಹಲಗೆ ಮಾಡತೊಡಗಿದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ಶಾಲೆ, ಆಸ್ಪತ್ರೆ, ಮನೆ ಎಲ್ಲವೂ ಬೇಗ ಬೇಕಿತ್ತು, ಅಗ್ಗಕ್ಕೆ ಬೇಕಿತ್ತು. 1950ರ ದಶಕದ ಮಧ್ಯದಿಂದ 1990ರ ದಶಕದವರೆಗೂ ಈ ಹಲಗೆಗಳನ್ನು ಜೋಡಿಸಿ ತಾರಸಿ ಹೊದಿಸಿದರು. ಸಾಮಾನ್ಯವಾಗಿ 600 ಮಿ.ಮೀ. ಅಗಲ, ಆರು ಮೀಟರಿನವರೆಗೂ ಉದ್ದ. ಸೆಂಟ್ರಿಂಗ್ ಬೇಡ, ಕ್ಯೂರಿಂಗ್ ಬೇಡ, ದೊಡ್ಡ ಕ್ರೇನೂ ಬೇಡ.

ಅಂಕಿ ನೋಡಿದರೆ ಆಸೆಯಾಗುವುದು ಸಹಜ. ಮಾಮೂಲಿ ಕಾಂಕ್ರೀಟು ಘನ ಮೀಟರಿಗೆ 2,400 ಕೆ.ಜಿ. ತೂಗಿದರೆ ಇದು 500-700 ಕೆ.ಜಿ. ಆದರೆ ಕಂಪ್ರೆಸಿವ್ ಸ್ಟ್ರೆಂತ್ ಬರೀ 2ರಿಂದ 5 ಮೆಗಾಪ್ಯಾಸ್ಕಲ್. ಲ್ಯಾಬಿನಲ್ಲಿ ಎಂ20 ಕ್ಯೂಬನ್ನು ಸಿಟಿಎಂ ಕೆಳಗಿಟ್ಟು ಸೂಜಿ ಎಲ್ಲಿಗೆ ಹೋಗುತ್ತೆ ಅಂತ ಕಣ್ಣು ಪಿಳುಕಿಸದೆ ನೋಡಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಕಂಬಿ ಇದೆ, ಹಿಡಿತ ಇಲ್ಲ

ಆರ್‌ಸಿಸಿ ಪಾಠದಲ್ಲಿ ಡೆವಲಪ್‌ಮೆಂಟ್ ಲೆಂತ್ ಲೆಕ್ಕ ಹಾಕಿ ಹಾಕಿ ಸಾಕಾಗಿದೆ ತಾನೆ? ಆ ಲೆಕ್ಕದ ಬುಡ ಇರುವುದು ಕಂಬಿಗೂ ಕಾಂಕ್ರೀಟಿಗೂ ನಡುವಿನ ಬಾಂಡ್‌ನಲ್ಲಿ. ಟಿಎಂಟಿ ಕಂಬಿಯ ಮೈಮೇಲಿನ ಏಣುಗಳು ಕಾಂಕ್ರೀಟನ್ನು ಉದ್ದಕ್ಕೂ ಕಚ್ಚಿ ಹಿಡಿಯುತ್ತವೆ. ರ್ಯಾಕ್‌ನಲ್ಲಿ ಈ ಕಥೆ ಬೇರೆ. ಗುಳ್ಳೆ ತುಂಬಿದ ವಸ್ತು ಕಂಬಿಯನ್ನು ಬಿಗಿಯಾಗಿ ಹಿಡಿಯಲಾರದು. ಒಳಗಿರುವುದೂ ನುಣುಪು ಕಂಬಿಯೇ. ಸಾಲದ್ದಕ್ಕೆ ಆ ಕಂಬಿಗೆ ಬಿಟುಮೆನ್ ಅಥವಾ ಲೇಟೆಕ್ಸ್-ಸಿಮೆಂಟಿನ ಲೇಪ. ಯಾಕೆಂದರೆ ಮಾಮೂಲಿ ಕಾಂಕ್ರೀಟು ತನ್ನ ಕ್ಷಾರ ಗುಣದಿಂದ ಕಂಬಿಯನ್ನು ತುಕ್ಕಿನಿಂದ ಕಾಪಾಡುತ್ತೆ, ಇದು ಕಾಪಾಡಲ್ಲ. ನೀರು, ಗಾಳಿ ಸರಾಗವಾಗಿ ಒಳಗೆ ಹೋಗುತ್ತವೆ.

ಹಾಗಾದರೆ ಹಲಗೆ ನಿಂತಿರುವುದು ಯಾವುದರ ಮೇಲೆ? ತುದಿಗಳಲ್ಲಿ ಅಡ್ಡಡ್ಡ ಬೆಸುಗೆ ಹಾಕಿದ ಕಂಬಿಗಳ ಮೇಲೆ. ಉದ್ದ ಕಂಬಿ ಜಾರದ ಹಾಗೆ ತಡೆಯುವ ಲಂಗರು ಅವು. ಇಲ್ಲಿ ಒಂದು ಮಾತು ಗಮನಿಸಿ: ಸೈಟಿನಲ್ಲಿ ಹಲಗೆ ಒಂದಿಷ್ಟು ಉದ್ದ ಆಯ್ತು ಅಂತ ಯಾರೋ ಗರಗಸ ಹಾಕಿ ತುದಿ ಕುಯ್ದರೆ ಲಂಗರೇ ಹೋಯ್ತು. ಇದು ಊಹೆಯಲ್ಲ, ಬ್ರಿಟನ್ನಿನಲ್ಲಿ ಹೀಗೆ ಕುಯ್ದ ಹಲಗೆಗಳು ಸಿಕ್ಕಿವೆ. ಕೆಳಗಿನಿಂದ ನೋಡಿದರೆ ಕುಯ್ದದ್ದೂ ಕುಯ್ಯದ್ದೂ ಒಂದೇ ಥರ ಕಾಣುತ್ತೆ. ಇನ್ನು ಗೋಡೆ ಅಥವಾ ತೊಲೆಯ ಮೇಲೆ ಹಲಗೆ ಕೂರುವ ಜಾಗ, ಅಂದರೆ ಬೇರಿಂಗ್, ಹಳೆಯ ಕೆಲಸಗಳಲ್ಲಿ ಎಷ್ಟೋ ಕಡೆ 40-45 ಮಿ.ಮೀ. ಮಾತ್ರ. ಇವತ್ತು ಅಲ್ಲಿನ ಸ್ಟ್ರಕ್ಚರಲ್ ಎಂಜಿನಿಯರುಗಳ ಸಂಸ್ಥೆ 75 ಮಿ.ಮೀ.ಗಿಂತ ಕಡಿಮೆ ಇದ್ದರೆ ಅಪಾಯದ ಪಟ್ಟಿಗೆ ಸೇರಿಸುತ್ತೆ.

ವಯಸ್ಸಾದ ಹಾಗೆ ಏನಾಗುತ್ತೆ ಅನ್ನೋದನ್ನ ಬೇಗ ಹೇಳಿಬಿಡ್ತೀವಿ. ಹಲಗೆ ನಿಧಾನವಾಗಿ ಬಾಗುತ್ತೆ, ಅದೇ ಕ್ರೀಪ್. ಬಾಗಿದ ಸಮತಟ್ಟು ತಾರಸಿಯಲ್ಲಿ ನೀರು ನಿಲ್ಲುತ್ತೆ. ನಿಂತ ನೀರಿನ ಭಾರಕ್ಕೆ ಇನ್ನಷ್ಟು ಬಾಗುತ್ತೆ. ವಾಟರ್‌ಪ್ರೂಫಿಂಗ್ ಹರಿದರೆ ನೀರು ಒಳಗೆ ಇಳಿದು ಕಂಬಿ ತುಕ್ಕು ಹಿಡಿಯುತ್ತೆ. ನಮ್ಮ ಆರ್‌ಸಿಸಿ ಸ್ಲ್ಯಾಬಿನಲ್ಲಿ ತುಕ್ಕು ಉಬ್ಬಿದರೆ ಕಾಂಕ್ರೀಟು ಸಿಡಿದು ಚಕ್ಕೆ ಬಿದ್ದು 'ನನ್ನ ನೋಡಿ' ಅಂತ ಕೂಗಿ ಹೇಳುತ್ತೆ. ರ್ಯಾಕ್‌ನಲ್ಲಿ ಉಬ್ಬಿದ ತುಕ್ಕಿಗೆ ಪಕ್ಕದ ಗುಳ್ಳೆಗಳೇ ಜಾಗ ಕೊಡುತ್ತವೆ. ಎಷ್ಟೋ ಸಲ ಹೊರಗೆ ಒಂದು ಬಿರುಕೂ ಕಾಣದೆ ಒಳಗೆ ಕಂಬಿ ಸವೆದಿರುತ್ತೆ.

2018ರ ಜುಲೈನಲ್ಲಿ ಕೆಂಟ್ ಪ್ರಾಂತ್ಯದ ಒಂದು ಪ್ರಾಥಮಿಕ ಶಾಲೆಯ ಸ್ಟಾಫ್ ರೂಮಿನ ಮೇಲಿನ ತಾರಸಿ ಕುಸಿಯಿತು. ಏನೋ ಸರಿಯಿಲ್ಲ ಅನ್ನುವ ಲಕ್ಷಣ ಕಾಣಿಸಿಕೊಂಡದ್ದಕ್ಕೂ ಕುಸಿದದ್ದಕ್ಕೂ ನಡುವೆ ಒಂದೇ ದಿನದ ಅಂತರ. ಬಿದ್ದದ್ದು ವಾರಾಂತ್ಯದಲ್ಲಿ, ಅದಕ್ಕೇ ಯಾರಿಗೂ ಏನೂ ಆಗಲಿಲ್ಲ. 1996ರಲ್ಲೇ ಅಲ್ಲಿನ ಕಟ್ಟಡ ಸಂಶೋಧನಾ ಸಂಸ್ಥೆ ಈ ಹಲಗೆಗಳ ಬಾಗು-ಬಿರುಕಿನ ಬಗ್ಗೆ ಬರೆದಿತ್ತು. 2019ರಲ್ಲಿ ಸುರಕ್ಷತಾ ಎಚ್ಚರಿಕೆಯೂ ಹೊರಬಿತ್ತು. 2023ರ ಬೇಸಿಗೆಯಲ್ಲಿ 'ಸದ್ಯಕ್ಕೆ ಗಂಭೀರವಲ್ಲ' ಅಂತ ಗುರುತಿಸಿದ್ದ ಹಲಗೆಗಳೂ ಬಿದ್ದವು ನೋಡಿ, ಆಮೇಲೆ ಆಗಸ್ಟ್ 31ರ ಸೂಚನೆ ಬಂತು.

ಈಗ ಬೆಂಕಿ

ಮೊದಲು ವಸ್ತುವಿನ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. ಎಎಸಿ ಉರಿಯೋದಿಲ್ಲ. ಹೊಗೆ ಬಿಡೋದಿಲ್ಲ. ಒಳಗೆ ಗಾಳಿ ತುಂಬಿರುವುದರಿಂದ ಶಾಖ ಬಹಳ ನಿಧಾನವಾಗಿ ದಾಟುತ್ತೆ. ಅದರ ಥರ್ಮಲ್ ಕಂಡಕ್ಟಿವಿಟಿ ಮಾಮೂಲಿ ಕಾಂಕ್ರೀಟಿನದ್ದರ ಹತ್ತನೇ ಒಂದರಷ್ಟರ ಆಸುಪಾಸಿನಲ್ಲಿದೆ. ಗಟ್ಟಿ ಕಾಂಕ್ರೀಟಿಗೆ ಬೆಂಕಿ ತಾಗಿದಾಗ ಒಳಗಿನ ನೀರು ಹಬೆಯಾಗಿ, ಹೊರಬರಲು ದಾರಿ ಸಿಗದೆ, ಚಕ್ಕೆ ಚಕ್ಕೆಯಾಗಿ ಸಿಡಿಯುವುದುಂಟು. ಎಎಸಿಯಲ್ಲಿ ಹಬೆಗೆ ದಾರಿ ಇರುವುದರಿಂದ ಸಾಮಾನ್ಯವಾಗಿ ಆ ಕಾಟ ಇಲ್ಲ. ಹೀಗಾಗಿ ಎಎಸಿ ಬ್ಲಾಕಿನ ಗೋಡೆ ಗಂಟೆಗಟ್ಟಲೆ ಬೆಂಕಿ ತಡೆಯುತ್ತೆ ಅಂತ ಕಂಪನಿಗಳು ಹೇಳಿಕೊಳ್ಳುವುದು ಬರೀ ಜಾಹೀರಾತಲ್ಲ.

ಆದರೆ ಗೋಡೆಯ ಬ್ಲಾಕಿನ ಕೆಲಸ ತನ್ನ ಪಾಡಿಗೆ ನಿಂತಿರೋದು. ತಾರಸಿ ಹಲಗೆಯ ಕೆಲಸ ಬಾಗದೆ ಭಾರ ಹೊರೋದು. ಭಾರ ಹೊರುವ ಕಂಬಿ ಇರುವುದು ಹಲಗೆಯ ತಳದಲ್ಲಿ, ಅಂದರೆ ಕೋಣೆಗೆ ಬೆಂಕಿ ಬಿದ್ದರೆ ಮೊದಲು ಕಾಯುವ ಮಗ್ಗುಲಲ್ಲಿ. ಬೆಂಕಿ ಪರೀಕ್ಷೆಯ ಐಎಸ್ಒ 834 ರೇಖೆ ನಿಮಗೆ ಗೊತ್ತಿರಬಹುದು. ಅದರ ಪ್ರಕಾರ ಅರ್ಧ ಗಂಟೆಗೆ ಕೋಣೆಯ ಉಷ್ಣತೆ 840 ಡಿಗ್ರಿ ದಾಟುತ್ತೆ, ಒಂದು ಗಂಟೆಗೆ 945ರ ಹತ್ತಿರ. ಕಂಬಿ 550 ಡಿಗ್ರಿ ಆಸುಪಾಸಿಗೆ ಬಂದರೆ ತನ್ನ ಶಕ್ತಿಯಲ್ಲಿ ಅರ್ಧದಷ್ಟು ಕಳೆದುಕೊಂಡಿರುತ್ತೆ. ಹೊರಗಿನ 840ಕ್ಕೂ ಕಂಬಿಯ 550ಕ್ಕೂ ನಡುವೆ ನಿಂತಿರುವುದು ತಳದ ಆ ಒಂದೆರಡು ಬೆರಳಿನಷ್ಟು ಕವರ್ ಮಾತ್ರ.

ಹೊಸ ಹಲಗೆಯಲ್ಲಿ ಆ ಕವರ್ ಒಳ್ಳೆಯ ಕಂಬಳಿ. ಐವತ್ತು ವರ್ಷದ ಹಲಗೆಯಲ್ಲಿ? ಬಾಗಿ ಬಾಗಿ ತಳದಲ್ಲಿ ಬಿರುಕು ಬಿಟ್ಟಿರುತ್ತೆ. ಅಷ್ಟು ವರ್ಷದಲ್ಲಿ ಎಷ್ಟು ಜನ ಎಲೆಕ್ಟ್ರೀಷಿಯನ್ನರು, ಪ್ಲಂಬರುಗಳು, ಪ್ರೊಜೆಕ್ಟರ್ ಕೂರಿಸುವವರು ಬಂದು ಹೋಗಿರ್ತಾರೆ! ಸ್ಕ್ರೂ ಡ್ರೈವರ್ ಒತ್ತಿದರೆ ತೂತು ಬೀಳುವ ವಸ್ತು ಇದು. ಯಾರು ಎಲ್ಲಿ ಕೊರೆದರು, ಎಲ್ಲಿ ಕಂಬಿಯನ್ನೇ ಕತ್ತರಿಸಿ ಪೈಪು ಏರಿಸಿದರು ಅನ್ನೋದಕ್ಕೆ ಯಾವ ಡ್ರಾಯಿಂಗೂ ಇರಲ್ಲ. ಚಕ್ಕೆ ಎದ್ದ ಕಡೆ ಕಂಬಿ ನೇರ ಬೆಂಕಿಗೇ ಮುಖ ಕೊಟ್ಟಿರುತ್ತೆ. ಹೊಸದರಲ್ಲಿ ಪರೀಕ್ಷೆ ಮಾಡಿ ಬರೆದ ಗಂಟೆ ಲೆಕ್ಕ ಹೊಸ ಹಲಗೆಗೆ ಸೇರಿದ್ದು. ಈ ಹಲಗೆಗೆ ಅದನ್ನು ಅಂಟಿಸೋ ಹಾಗಿಲ್ಲ.

ಎರಡನೆಯದು ತುದಿಯ ಸಂಗತಿ. ಕೆಳಗಿನಿಂದ ಕಾದ ಹಲಗೆಯ ತಳ ಹಿಗ್ಗುತ್ತೆ, ಮೇಲ್ಭಾಗ ತಣ್ಣಗೇ ಇರುತ್ತೆ, ಹಲಗೆ ಬೆಂಕಿಯ ಕಡೆಗೆ ಬಾಗುತ್ತೆ. ಮೊದಲೇ ಬಾಗಿದ್ದಕ್ಕೆ ಇದೂ ಸೇರಿತು. ಹಾಗೆ ಬಾಗಿದರೆ 40 ಮಿ.ಮೀ. ಬೇರಿಂಗ್‌ನಿಂದ ಹಲಗೆ ಕಳಚಿಕೊಂಡು ಬೀಳುತ್ತಾ ಅಂತ ನಾವು ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆವು. ಐದು ಮೀಟರ್ ಸ್ಪ್ಯಾನ್, ನಡುವೆ 100 ಮಿ.ಮೀ. ಬಾಗು, ಆಕಾರ ಪ್ಯಾರಾಬೋಲಾ ಅಂತ ಇಟ್ಟುಕೊಳ್ಳಿ. ಎರಡೂ ತುದಿ ಸೇರಿ ಒಳಕ್ಕೆ ಸರಿಯುವುದು ಸುಮಾರು ಐದು ಮಿ.ಮೀ. ಅಷ್ಟೆ. ಇದರಿಂದ ಕಳಚಿಕೊಳ್ಳಲ್ಲ. ಆದರೆ ತುದಿಯ ಓರೆ ನೋಡಿ: 4 × 100 ಭಾಗಿಸು 5,000, ಅಂದರೆ 0.08 ರೇಡಿಯನ್. 40 ಮಿ.ಮೀ. ಬೇರಿಂಗಿನ ಹಿಂಬದಿ ಮೂರು ಮಿ.ಮೀ.ಗೂ ಹೆಚ್ಚು ಮೇಲೆದ್ದಿರುತ್ತೆ. ಇಡೀ ಹಲಗೆಯ ಭಾರ ಗೋಡೆಯ ಮುಂದಿನ ಅಂಚಿನ ಒಂದು ಗೆರೆಯ ಮೇಲೆ ಬಂದು ಕೂರುತ್ತೆ. ಆ ಗೆರೆಯಲ್ಲಿರುವ ವಸ್ತುವಿನ ಶಕ್ತಿ ಮೂರು-ನಾಲ್ಕು ಮೆಗಾಪ್ಯಾಸ್ಕಲ್. ಅಲ್ಲಿ ಜಜ್ಜಿ ಉದುರಿದರೆ ಬೇರಿಂಗ್ 40ರಿಂದ ಇನ್ನೂ ಕಡಿಮೆ ಆಗುತ್ತೆ, ಅಡ್ಡ ಕಂಬಿ ಕುಯ್ದುಹೋಗಿದ್ದರೆ ಹಿಡಿದುಕೊಳ್ಳಲು ಏನೂ ಇರಲ್ಲ. ಇದು ಕೈಲೆಕ್ಕ, ಶಾಖಕ್ಕೆ ವಸ್ತು ಮೆತ್ತಗಾಗುವುದನ್ನು ಸೇರಿಸಿಲ್ಲ. ಸೇರಿಸಿದರೆ ಉತ್ತರ ಇನ್ನೂ ಕೆಟ್ಟದಾಗುತ್ತೆ, ಒಳ್ಳೆಯದಾಗಲ್ಲ.

ಮೂರನೆಯದು ನೀರು. ಬೆಂಕಿಗೆ ಮದ್ದು ನೀರೇ, ಈ ತಾರಸಿಗೆ ವೈರಿಯೂ ನೀರೇ. 200 ಮಿ.ಮೀ. ದಪ್ಪದ, ಘನ ಮೀಟರಿಗೆ 550 ಕೆ.ಜಿ. ತೂಗುವ ಹಲಗೆ ಚದರ ಮೀಟರಿಗೆ 110 ಕೆ.ಜಿ. ಇರುತ್ತೆ. ಅದು ತನ್ನ ತೂಕದ ಶೇ. 30ರಷ್ಟು ನೀರು ಕುಡಿಯಿತು ಅಂತಿಟ್ಟುಕೊಳ್ಳಿ, 143 ಆಯ್ತು. ಬಾಗಿದ ಕಡೆ ಐದು ಸೆಂಟಿಮೀಟರ್ ನೀರು ನಿಂತರೆ ಇನ್ನೊಂದು 50. ಒಟ್ಟು 193, ಒಣಗಿದ್ದಾಗಿನದ್ದಕ್ಕಿಂತ ಮುಕ್ಕಾಲು ಪಾಲು ಜಾಸ್ತಿ. ಫೈರ್ ಬ್ರಿಗೇಡಿನ ಒಂದು ಹೋಸ್ ನಿಮಿಷಕ್ಕೆ ನೂರಾರು ಲೀಟರ್ ಸುರಿಯುತ್ತೆ. ಕಂಬಿ ಕಾದು ಬಲ ಕಳೆದುಕೊಂಡಿರುವ ಅದೇ ಗಳಿಗೆಯಲ್ಲಿ ಭಾರ ಏರುತ್ತಿರುತ್ತೆ.

ಇದರಡಿಯಲ್ಲಿ ಇರುವವರು ಯಾರು? ಮಕ್ಕಳು, ರೋಗಿಗಳು ಆಗಲೇ ಹೊರಗೆ ಹೋಗಿರಬಹುದು. ಒಳಗೆ ಇರುವುದು ಬೆಂಕಿ ಆರಿಸಲು ಹೋದವರು. ಅವರಿಗೆ ತರಬೇತಿಯಲ್ಲಿ ಕಲಿಸುವುದು ಕುಸಿತದ ಮುನ್ಸೂಚನೆ ಹುಡುಕೋದು: ಸ್ಲ್ಯಾಬು ಜೋತುಬಿದ್ದಿದೆಯಾ, ಶಬ್ದ ಬರ್ತಿದೆಯಾ, ಬಿರುಕು ಅಗಲವಾಗ್ತಿದೆಯಾ ಅಂತ. ರ್ಯಾಕ್ ತುದಿಯಲ್ಲಿ ಶಿಯರ್‌ನಿಂದ ಮುರಿಯುವಾಗ ಅಂಥ ಸೂಚನೆ ಕೊಡದೆಯೇ ಒಮ್ಮೆಲೇ ಬೀಳಬಹುದು. ಫಾಲ್ಸ್ ಸೀಲಿಂಗ್ ಮೇಲೆ, ಹೊಗೆಯ ಮಧ್ಯೆ, ತಲೆಯ ಮೇಲಿರುವುದು ಯಾವ ಹಲಗೆ ಅಂತ ಕಾಣೋದೂ ಇಲ್ಲ. ಹೀಗಾಗಿ ಬ್ರಿಟನ್ನಿನ ಅಗ್ನಿಶಾಮಕ ಅಧಿಕಾರಿಗಳು ಕಟ್ಟಡದ ಹೊಣೆ ಹೊತ್ತವರಿಗೆ ಹೇಳಿದ್ದು: ರ್ಯಾಕ್ ಇದೆ ಅಂತ ಗೊತ್ತಾದರೆ ನಿಮ್ಮ ಊರಿನ ಅಗ್ನಿಶಾಮಕ ಸೇವೆಗೆ ಮೊದಲೇ ತಿಳಿಸಿ. ವಿಪರ್ಯಾಸ ಏನೆಂದರೆ ಸ್ಕಾಟ್ಲೆಂಡಿನಲ್ಲಿ ಹುಡುಕಿದಾಗ ಹತ್ತಕ್ಕೂ ಹೆಚ್ಚು ಫೈರ್ ಸ್ಟೇಷನ್ನುಗಳ ತಾರಸಿಯಲ್ಲೇ ರ್ಯಾಕ್ ಸಿಕ್ಕಿತು.

ಇನ್ನೊಂದು ಕಾರಣಕ್ಕೂ ಈ ತಾರಸಿಗಳು ಬೆಂಕಿಯ ಲೆಕ್ಕದಿಂದ ತಪ್ಪಿಸಿಕೊಂಡವು. ಇಂಗ್ಲೆಂಡಿನ ಕಟ್ಟಡ ನಿಯಮಗಳಲ್ಲಿ ಬರೀ ತಾರಸಿಯನ್ನಷ್ಟೇ ಹೊರುವ ಭಾಗಕ್ಕೆ ಸಾಮಾನ್ಯವಾಗಿ ಇಷ್ಟು ಗಂಟೆ ಬೆಂಕಿ ತಾಳಬೇಕು ಅನ್ನುವ ಷರತ್ತಿಲ್ಲ. ಅದರ ಮೇಲೆ ಜನ ಇರಲ್ಲ, ಬೆಂಕಿ ಮೇಲಿನ ಮಹಡಿಗೆ ಹೋಗಲ್ಲ ಅನ್ನೋದು ವಾದ. ಆ ವಾದದ ಒಳಗೆ ಒಂದು ನಂಬಿಕೆ ಅಡಗಿದೆ: ಜನ ಹೊರಗೆ ಓಡುವಷ್ಟು ಹೊತ್ತು ತಾರಸಿ ಹೇಗೂ ನಿಂತಿರುತ್ತೆ ಅಂತ. ಬೆಂಕಿಯೇ ಇಲ್ಲದೆ ಕೆಂಟ್‌ನಲ್ಲಿ ಬಿದ್ದ ತಾರಸಿಯ ಮೇಲೆ ಆ ನಂಬಿಕೆ ಇಡೋದು ಹೇಗೆ?

ಜಾಕಿ ಕೊಟ್ಟ ಮೇಲೆ

ನಮಗೆ ಅತಿ ಕುತೂಹಲದ ಭಾಗ ಇದು. ಸಾಮಾನ್ಯವಾಗಿ ಯಾರೂ ಮಾತಾಡದ ಭಾಗವೂ ಇದೇ. ರ್ಯಾಕ್ ಸಿಕ್ಕಿದ ಕೂಡಲೇ ತಾರಸಿ ಬದಲಿಸಲು ದುಡ್ಡೂ ಇರಲ್ಲ, ಸಮಯವೂ ಇರಲ್ಲ. ಆಗ ಮಾಡುವುದು ಎರಡು ಕೆಲಸ: ಜಾಕಿ ಕೊಡೋದು, ಕೋಣೆ ಮುಚ್ಚೋದು. ಪೂರ್ವ ಇಂಗ್ಲೆಂಡಿನ ಕಿಂಗ್ಸ್ ಲಿನ್ ಊರಿನ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಸಾವಿರಾರು ಜಾಕಿಗಳನ್ನು ನಿಲ್ಲಿಸಿ ವರ್ಷಗಟ್ಟಲೆ ರೋಗಿಗಳನ್ನು ನೋಡಿಕೊಂಡರು. ವಾರ್ಡಿನ ಮಂಚಗಳ ನಡುವೆ ಕಂಬಗಳ ಕಾಡು.

ಕುಸಿತದ ದೃಷ್ಟಿಯಿಂದ ಎರಡೂ ಸರಿಯಾದ ಕೆಲಸ. ಬೆಂಕಿಯ ದೃಷ್ಟಿಯಿಂದ ಒಂದೊಂದೂ ಹೊಸ ತೊಡಕು ತರುತ್ತೆ. ಆಸರೆಗೆ ಮರದ ತೊಲೆ, ಪ್ಲೈವುಡ್ ಬಳಸಿದರೆ ಉರಿಯದ ತಾರಸಿಯ ಕೆಳಗೆ ನಾವೇ ಸೌದೆ ಪೇರಿಸಿದ ಹಾಗೆ. ಉಕ್ಕಿನ ಜಾಕಿಯಾದರೆ ಅದು ತೆಳ್ಳಗಿನ ಕೊಳವೆ, ಹೊದಿಕೆ ಇಲ್ಲ, ಕಾಂಕ್ರೀಟಿನೊಳಗಿನ ಕಂಬಿಗಿಂತ ಬೇಗ ಕಾಯುತ್ತೆ. ಈಗ ಭಾರ ಅದರ ಮೇಲಿದೆ. ಕಾರಿಡಾರಿನಲ್ಲಿ ಜಾಕಿ ನಿಲ್ಲಿಸಿದರೆ ಹೊರಗೆ ಓಡುವ ದಾರಿ ಕಿರಿದಾಗುತ್ತೆ, ಸ್ಟ್ರೆಚರ್ ತಿರುಗಲ್ಲ, ಹೊಗೆಯಲ್ಲಿ ಕಣ್ಣು ಕಾಣದೆ ಓಡುವವರು ಅದಕ್ಕೇ ಡಿಕ್ಕಿ ಹೊಡೀತಾರೆ. ಬಾಗಿಲು ಪೂರ್ತಿ ತೆರೆಯದೇ ಇರಬಹುದು.

ಹಲಗೆ ಪರೀಕ್ಷಿಸಲು ಫಾಲ್ಸ್ ಸೀಲಿಂಗ್ ಬಿಚ್ಚುತ್ತಾರೆ. ಕೆಲವು ಕಡೆ ಆ ಸೀಲಿಂಗೇ ಬೆಂಕಿ ತಡೆಯ ಪದರವಾಗಿರುತ್ತೆ; ಸ್ಮೋಕ್ ಡಿಟೆಕ್ಟರ್ ಕೂತಿದ್ದೂ ಅದರಲ್ಲೇ. ಬಿಚ್ಚಿದ ಮೇಲೆ ಡಿಟೆಕ್ಟರ್ ವೈರಿನಲ್ಲಿ ಜೋತಾಡುತ್ತಿದ್ದರೆ ಹೊಗೆ ಅದನ್ನು ಮುಟ್ಟೋದು ತಡವಾಗುತ್ತೆ. ಇನ್ನು ಎರಡು ಕೋಣೆಗಳ ನಡುವೆ ಬೆಂಕಿ ದಾಟದಂತೆ ಕಟ್ಟಿದ ಗೋಡೆ ತಾರಸಿಯ ತಳಕ್ಕೆ ಮುಟ್ಟುವ ಜಾಗದಲ್ಲಿ ಫೈರ್ ಸ್ಟಾಪಿಂಗ್ ತುಂಬಿರುತ್ತಾರೆ. ಬಾಗಿದ ಹಲಗೆಯನ್ನು ಜಾಕಿ ಸ್ವಲ್ಪ ಮೇಲೆತ್ತಿದರೂ ಅಲ್ಲಿ ಬಿರುಕು ತೆರೆಯುತ್ತೆ. ಬೆಂಕಿಗೆ ಅಷ್ಟು ದಾರಿ ಸಾಕು, ಹೊಗೆಗೆ ಅದಕ್ಕಿಂತ ಕಡಿಮೆ ಸಾಕು.

ಕೋಣೆ ಮುಚ್ಚುವುದರಲ್ಲೂ ಇದೇ ಥರ. ಮುಚ್ಚಿದ್ದು ಬರೀ ತರಗತಿಯಲ್ಲ, ಅದರ ಮೂಲಕ ಹೋಗುವ ತುರ್ತು ದಾರಿಯನ್ನೂ ಮುಚ್ಚಿದ ಹಾಗೆ. ಆಸ್ಪತ್ರೆಯಲ್ಲಿ ಇದು ಇನ್ನೂ ಕಷ್ಟ. ಐಸಿಯುನಲ್ಲಿರುವವರನ್ನು ಮೆಟ್ಟಿಲಿಳಿಸಿ ಬಯಲಿಗೆ ತರೋಕಾಗಲ್ಲ. ಅದಕ್ಕೇ ಆಸ್ಪತ್ರೆಗಳಲ್ಲಿ ಬೆಂಕಿ ಬಿದ್ದ ವಾರ್ಡಿನಿಂದ ಅದೇ ಮಹಡಿಯ ಪಕ್ಕದ ವಾರ್ಡಿಗೆ, ಬೆಂಕಿ ಬಾಗಿಲು ದಾಟಿಸಿ, ಮಂಚ ಸಮೇತ ತಳ್ಳುವ ಪದ್ಧತಿ ಇದೆ. ಪಕ್ಕದ ವಾರ್ಡು ರ್ಯಾಕ್ ಅಂತ ಬೀಗ ಹಾಕಿದ್ದರೆ ಎಲ್ಲಿಗೆ ತಳ್ಳೋದು? ಜೊತೆಗೆ ಅಲ್ಲಿದ್ದ ರೋಗಿಗಳನ್ನೂ ಈ ವಾರ್ಡಿಗೇ ತಂದು ಜನ ಹೆಚ್ಚಿಸಿರುತ್ತಾರೆ. ಇಂಗ್ಲೆಂಡಿನಲ್ಲಿ 2005ರ ಅಗ್ನಿ ಸುರಕ್ಷತಾ ಆದೇಶದ ಪ್ರಕಾರ ಕಟ್ಟಡಕ್ಕೆ ಒಬ್ಬ 'ಹೊಣೆಗಾರ' ಇರಬೇಕು, ಪರಿಸ್ಥಿತಿ ಬದಲಾದರೆ ಬೆಂಕಿ ಅಪಾಯದ ಅಂದಾಜನ್ನು ಮತ್ತೆ ಮಾಡಿಸಬೇಕು. ಜಾಕಿ ನಿಲ್ಲಿಸಿದ ದಿನವೇ ಪರಿಸ್ಥಿತಿ ಬದಲಾಯಿತು. ಸ್ಟ್ರಕ್ಚರಲ್ ಎಂಜಿನಿಯರ್ ಒಂದು ದಾರಿ, ಫೈರ್ ಎಂಜಿನಿಯರ್ ಒಂದು ದಾರಿ ಅಂತ ಹೋದರೆ ಒಬ್ಬರು ಮಾಡಿದ ಪರಿಹಾರ ಇನ್ನೊಬ್ಬರ ಸಮಸ್ಯೆ ಆಗುತ್ತೆ. ನಮ್ಮ ಸಿಲೆಬಸ್ಸಿನಲ್ಲೂ ಇವೆರಡೂ ಬೇರೆ ಬೇರೆ ಸೆಮಿಸ್ಟರಿನಲ್ಲಿ ಕೂತಿವೆ, ಒಂದು ಐಚ್ಛಿಕ ವಿಷಯದ ಪಟ್ಟಿಯ ಕೊನೆಯಲ್ಲಿ.

ನಮ್ಮ ಕಡೆ

ಹೆದರಿಕೊಂಡು ಹಾಸ್ಟೆಲ್ ರೂಮಿನ ತಾರಸಿ ನೋಡಬೇಡಿ. ನಮ್ಮಲ್ಲಿ ಹೆಚ್ಚಿನ ತಾರಸಿಗಳು ಸ್ಥಳದಲ್ಲೇ ಹಾಕಿದ ಆರ್‌ಸಿಸಿ. ಬ್ಲಾಕಾಗಿ ಬಳಸುವ ಎಎಸಿಯಲ್ಲಿ ಕಂಬಿ ಇಲ್ಲ, ಹಾಗಾಗಿ ರ್ಯಾಕ್‌ನ ರೋಗವೂ ಇಲ್ಲ. ಆದರೆ ಈ ಹಲಗೆ ಭಾರತಕ್ಕೆ ಪೂರ್ತಿ ಅಪರಿಚಿತವಲ್ಲ. ಪುಣೆಯಲ್ಲಿ ಶಿರ್ಕೆ ಕಂಪನಿ ಸಿಪೋರೆಕ್ಸ್ ತಂತ್ರಜ್ಞಾನ ತಂದು ತಯಾರಿಸಿತು. ಮಹಾರಾಷ್ಟ್ರದ ಕಡೆ ಈಗಲೂ ಎಷ್ಟೋ ಜನ ಎಎಸಿ ಬ್ಲಾಕಿಗೆ ಸಿಪೋರೆಕ್ಸ್ ಅಂತಲೇ ಕರೀತಾರೆ. ಕಂಬಿ ಇಟ್ಟ ಸೆಲ್ಯುಲರ್ ಕಾಂಕ್ರೀಟಿನ ಮಹಡಿ-ತಾರಸಿ ಹಲಗೆಗೆ ನಮ್ಮದೇ ಮಾನಕ ಇದೆ: ಐಎಸ್ 6073, 1971ರದ್ದು. ಮಾನಕ ಬರೆದಿದ್ದಾರೆ ಅಂದ ಮೇಲೆ ಎಲ್ಲೋ ಬಳಸಿಯೂ ಇದ್ದಾರೆ. ಆ ಕಾಲದ ಕಾರ್ಖಾನೆ ಶೆಡ್ಡಿಗೋ ಹಳೇ ವಸತಿ ಬಡಾವಣೆಗೋ ಇಂಟರ್ನ್‌ಶಿಪ್ಪಿಗೆ ಹೋದವರು ತಲೆ ಎತ್ತಿ ನೋಡಿ. ತಿಳಿ ಬೂದು ಬಣ್ಣದ ತಳ, ಸುಮಾರು 600 ಮಿ.ಮೀ.ಗೆ ಒಂದರಂತೆ ನೇರ ಗೆರೆ, ಗೆರೆಯ ಅಂಚು ಓರೆಯಾಗಿ ಕತ್ತರಿಸಿದ ಹಾಗೆ, ಮುರಿದ ಕಡೆ ಜಲ್ಲಿ ಇಲ್ಲದೆ ಬರೀ ಗುಳ್ಳೆ: ಇಷ್ಟು ಕಂಡರೆ ನಿಮ್ಮ ಮೇಲಿನವರಿಗೆ ಬಾಯಲ್ಲಲ್ಲ, ಬರವಣಿಗೆಯಲ್ಲಿ ತಿಳಿಸಿ. ನೀವೇ ಏಣಿ ಹತ್ತಿ ಕೆರೆಯೋಕೆ ಹೋಗಬೇಡಿ.

ಬ್ಲಾಕಿನ ಗೋಡೆಗಳಲ್ಲಿ ನಮ್ಮ ಕಡೆಯ ಖಾಯಿಲೆ ಬೇರೆ. ನೂರು ಮಿ.ಮೀ. ಗೋಡೆಗೆ ಎಲೆಕ್ಟ್ರೀಷಿಯನ್ ಈ ಕಡೆಯಿಂದ ಒಂದು ಸ್ವಿಚ್ ಬೋರ್ಡಿನ ಗುಂಡಿ ಕುಯ್ಯುತ್ತಾನೆ, ಆ ಕಡೆಯ ಫ್ಲಾಟಿನವರು ಅದೇ ಜಾಗಕ್ಕೆ ಇನ್ನೊಂದು ಕುಯ್ಯುತ್ತಾರೆ. ಬ್ಲಾಕು ಮೆತ್ತಗಿರುವುದರಿಂದ ಕುಯ್ಯೋದೂ ಸಲೀಸು. ನಡುವೆ ಉಳಿದದ್ದು ರೊಟ್ಟಿಯಷ್ಟು ದಪ್ಪ. ಇಂಥ ಗೋಡೆಗೆ ಕ್ಯಾಟಲಾಗಿನಲ್ಲಿ ಬರೆದ ಗಂಟೆಗಳ ಲೆಕ್ಕ ಅನ್ವಯಿಸಲ್ಲ. ಎಲೆಕ್ಟ್ರಿಕ್ ಶಾಫ್ಟಿನ ಗೋಡೆಯಲ್ಲಿ ಕೇಬಲ್ ಎಳೆಯಲು ಒಡೆದ ತೂತನ್ನು ಹಾಗೇ ಬಿಡುವುದೂ ಅಷ್ಟೇ ಸಾಮಾನ್ಯ. ಮುಂದಿನ ಸಲ ನಿಮ್ಮ ಬ್ಲಾಕಿನ ಮೆಟ್ಟಿಲ ಪಕ್ಕದ ಶಾಫ್ಟಿನ ಬಾಗಿಲು ತೆರೆದಿದ್ದರೆ ಒಳಗೆ ಒಂದು ನೋಟ ಹಾಕಿ. ಕೆಳಗಿನ ಮಹಡಿಯ ಬೆಳಕು ಕಂಡರೆ, ಹೊಗೆ ಬರುವ ದಾರಿಯೂ ಅದೇ.

ಈ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಬೇಕು ಅನ್ನುವವರಿಗೆ ಒಂದು ಸುಲಭದ ಪ್ರಯೋಗ. ಯಾವುದಾದರೂ ಸೈಟಿನಲ್ಲಿ ಕೇಳಿ ಮುರಿದ ಎಎಸಿ ತುಂಡು ತನ್ನಿ. ಲ್ಯಾಬಿನ ಓವನ್ನಿನಲ್ಲಿ ಒಣಗಿಸಿ ತೂಕ ಬರೆದುಕೊಳ್ಳಿ. ಬಕೆಟ್ ನೀರಿಗೆ ಬಿಡಿ, ತೇಲುತ್ತೆ. ನೀರು ಮುಟ್ಟಿದ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಮರುದಿನ ಬೆಳಿಗ್ಗೆ ಬಂದು ಗೆರೆ ಎಲ್ಲಿದೆ ನೋಡಿ, ಮತ್ತೆ ತೂಗಿ. ಸಿಕ್ಕಿದ ಎರಡು ಅಂಕಿಗಳನ್ನು ಮೇಲಿನ 110-143ರ ಲೆಕ್ಕದಲ್ಲಿ ಹಾಕಿ, ನಿಮಗೆ ಎಷ್ಟು ಬಂತು ಅಂತ ನಮಗೆ ಬರೆದು ಕಳಿಸಿ.